ಕಂದು ಮಾಲ್ಟೂ ಅದರ ಪ್ರತಿನಿಧಿಗಳೂ

ಹದಿನೆಂಟನೆಯ ಶತಮಾನದ ಲಂಡನ್ ನಗರದಲ್ಲಿ ಬಹು ಪ್ರಸಿದ್ಧವಾಗಿದ್ದ ಪೋರ್ಟರ್ ಎಂಬ ಕಪ್ಪು ಬಿಯರನ್ನು ಆ ಕಾಲದ ಗ್ರಂಥಗಳಲ್ಲಿ ಹೇಳಿರುವ ಕ್ರಮದಂತೆಯೇ ಇಂದು ಮನೆಯಲ್ಲಿ ತಯಾರಿಸಲು ಹೊರಟವನು ಮೊದಲ ಹೆಜ್ಜೆಯಲ್ಲಿಯೇ ಒಂದು ವಿಚಿತ್ರವಾದ ತೊಡಕಿಗೆ ಸಿಕ್ಕಿಕೊಳ್ಳುತ್ತಾನೆ. ಗ್ರಂಥದಲ್ಲಿ ಹೇಳಿರುವ ಧಾನ್ಯ ಒಂದೇ. ಅದರ ಹೆಸರು ‘ಕಂದು ಮಾಲ್ಟು’. ಆ ಹೆಸರಿನ ಪದಾರ್ಥವು ಅಂಗಡಿಯಲ್ಲಿ ಈಗಲೂ ದೊರೆಯುತ್ತದೆ. ಆದರೆ ಅದನ್ನು ಕೊಂಡು ತಂದು, ನುಚ್ಚುಮಾಡಿ, ಬಿಸಿನೀರಿನಲ್ಲಿ ಕಲಸಿ ಎಷ್ಟು ಹೊತ್ತು ಇಟ್ಟರೂ ಸಿಹಿಯಾದ ರಸ ಇಳಿಯುವುದಿಲ್ಲ. ಪಾತ್ರೆಯಲ್ಲಿ ಉಳಿಯುವುದು ಕಂದುಬಣ್ಣದ ಗಂಜಿ. ಗಂಜಿಯನ್ನು ಯೀಸ್ಟು ಹುದುಗೆಬ್ಬಿಸಲಾರದು. ಹಾಗೆಂದು ಗ್ರಂಥಕಾರನು ಸುಳ್ಳು ಬರೆದಿಲ್ಲ, ಅಂಗಡಿಯವನೂ ಮೋಸಮಾಡಿಲ್ಲ. ಇಬ್ಬರೂ ಒಂದೇ ಮಾತನ್ನಾಡುತ್ತಿರುವರು. ಆದರೆ ಇಬ್ಬರ ಮನಸ್ಸಿನಲ್ಲಿಯೂ ಇರುವ ವಸ್ತು ಒಂದೇ ಅಲ್ಲ.

ಈ ಅಂತರವು ಹೇಗೆ ಉಂಟಾಯಿತು, ಇಲ್ಲವಾದ ಧಾನ್ಯದ ಸ್ಥಾನಕ್ಕೆ ಯಾವ ಯಾವ ಕಾಲದಲ್ಲಿ ಏನೇನನ್ನು ತಂದು ನಿಲ್ಲಿಸಿದರು, ಹಾಗೆ ನಿಲ್ಲಿಸುವಾಗ ಹಳೆಯದರ ಯಾವ ಗುಣವನ್ನು ಮುಖ್ಯವೆಂದು ಭಾವಿಸಿದರು ಎಂಬುದನ್ನು ಇಲ್ಲಿ ವಿಚಾರಮಾಡಲಾಗಿದೆ. ವಿಷಯವು ಪಾನದ್ದಾಯಿತಲ್ಲಾ ಎಂದು ವಾಚಕರು ಮುಖ ತಿರುಗಿಸಬೇಕಾಗಿಲ್ಲ. ವಿಹಿತವಾದ ದ್ರವ್ಯ ದೊರೆಯದಿದ್ದಾಗ ಯಾವುದನ್ನು ತೆಗೆದುಕೊಳ್ಳಬೇಕೆಂಬ ಪ್ರಶ್ನೆಯನ್ನು ನಮ್ಮ ಮೀಮಾಂಸಕರು ‘ಪ್ರತಿನಿಧಿ’ ಎಂಬ ಹೆಸರಿನಿಂದ ಜೈಮಿನಿಸೂತ್ರಗಳ ಆರನೆಯ ಅಧ್ಯಾಯದಲ್ಲಿಯೇ ಚರ್ಚಿಸಿದ್ದಾರೆ. ವ್ರೀಹಿ ದೊರೆಯದಿದ್ದರೆ ಅದಕ್ಕೆ ಅತ್ಯಂತ ಸದೃಶವಾದ ನೀವಾರವನ್ನು ತೆಗೆದುಕೊಳ್ಳಬೇಕು. ಸೋಮಕ್ಕೆ ಪೂತೀಕವನ್ನು ಶ್ರುತಿಯೇ ಹೇಳಿದೆ. ಸದೃಶವೆಂದರೇನು, ಯಾವ ಅಂಶದಲ್ಲಿ ಸದೃಶ ಎಂಬಲ್ಲಿಯೇ ಕಷ್ಟವಿರುವುದು. ಲಂಡನ್ನಿನ ವರ್ತಕರೂ ಅಲ್ಲಿನ ನ್ಯಾಯಾಧೀಶರೂ ಬಿದ್ದು ಒದ್ದಾಡಿದುದು ಈ ಕಷ್ಟದಲ್ಲಿಯೇ.

ಮೊದಲು ಮಾಲ್ಟೆಂದರೆ ಏನೆಂಬುದನ್ನು ಹೇಳಬೇಕು. ನಮ್ಮ ಬಯಲುಸೀಮೆಯ ಮನೆಗಳಲ್ಲಿ ಎಳೆಯ ಮಕ್ಕಳಿಗೆ ಸರಿ ಮಾಡುವುದಕ್ಕಾಗಿ ರಾಗಿಯನ್ನು ರಾತ್ರಿ ನೆನೆಹಾಕಿ, ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಬೆಚ್ಚಗೆ ಮಾಡಿ ಬೀಸುವುದುಂಟು. ಜವೆಗೋಧಿಗೆ, ಎಂದರೆ ಬಾರ್ಲಿಗೆ, ಇದೇ ಸಂಸ್ಕಾರವನ್ನು ಮಾಡಿದರೆ ಅದು ಮಾಲ್ಟು. ಮೊಳೆಯುವಾಗ ಕಾಳಿನೊಳಗೆ ಒಂದು ಶಕ್ತಿ ಹುಟ್ಟುತ್ತದೆ; ಅದು ಪಿಷ್ಟವನ್ನು ಕರಗಿಸಿ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಮೊಳಕೆ ರಾಗಿಯ ಸರಿ ತೆಳ್ಳಗಿರುವುದಕ್ಕೂ ತಾನಾಗಿಯೇ ಸಿಹಿಯಾಗಿರುವುದಕ್ಕೂ ಇದೇ ಕಾರಣ. ಅದೇ ಮೊಳಕೆ ರಾಗಿಯನ್ನು ಬಾಣಲೆಯಲ್ಲಿ ಕಪ್ಪಾಗುವಂತೆ ಹುರಿದುಬಿಟ್ಟರೆ ಪರಿಮಳವೇನೋ ಬರುತ್ತದೆ, ಆದರೆ ಸರಿ ಸಾಮಾನ್ಯ ರಾಗಿಯಂತೆ ಗಟ್ಟಿಯಾಗಿ ಬಿಡುತ್ತದೆ. ಶಕ್ತಿಯು ಬೆಂಕಿಯಲ್ಲಿ ನಷ್ಟವಾಗಿರುತ್ತದೆ. ಈ ಲೇಖನದ ರಸಾಯನಶಾಸ್ತ್ರವೆಲ್ಲ ಇಷ್ಟೇ. ಹೆಸರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬಹುದು: ನಮ್ಮ ಹೋಟೆಲುಗಳಲ್ಲಿ ‘ರಾಗಿ ಮಾಲ್ಟ್’ ಎಂದು ಕೊಡುವುದು ಎಷ್ಟೋ ವೇಳೆ ಮೊಳಕೆಯನ್ನೇ ಕಾಣದ ಹಿಟ್ಟಿನ ಅಂಬಲಿ. ಹೆಸರು ಉಳಿದು ವಸ್ತು ಜಾರಿಹೋಗುವುದಕ್ಕೆ ಲಂಡನ್ನಿನವರೆಗೂ ಹೋಗಬೇಕಾದುದಿಲ್ಲ.

ಈ ಶಕ್ತಿಗೆ ಪಾಯೆನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನಜ್ಞರು ೧೮೩೩ರಲ್ಲಿ ‘ಡಯಾಸ್ಟೇಸ್’ ಎಂದು ಹೆಸರಿಟ್ಟರು. ಈ ಜಾತಿಯ ದ್ರವ್ಯಗಳನ್ನು ನಾವು ಈಗ ಕನ್ನಡದಲ್ಲಿ ‘ಕಿಣ್ವ’ಗಳೆನ್ನುತ್ತೇವೆ. ಕೌಟಿಲ್ಯನ ಕಿಣ್ವವು ಉದ್ದನ್ನೂ ಅಕ್ಕಿಯನ್ನೂ ಕೂಡಿಸಿ ಮಾಡಿದ, ಸುರೆಯನ್ನು ಹುದುಗೆಬ್ಬಿಸುವ ಮುದ್ದೆ. ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣವನ್ನು ಇಂದಿನ ಅರ್ಥದಿಂದ ಓದುವವನಿಗೆ ಅಲ್ಲಿ ಏನೂ ತಿಳಿಯದು. ೧೮೩೩ ಎಂಬ ವರ್ಷವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳಲಿರುವ ಮಾರ್ಪಾಡುಗಳ ಮುಖ್ಯ ಭಾಗವೆಲ್ಲ ಅದಕ್ಕೆ ಮೊದಲೇ ಮುಗಿದಿತ್ತು. ತಾವು ಕಳೆದುಕೊಂಡದ್ದು ಏನೆಂಬುದಕ್ಕೆ ಕಳೆದುಕೊಂಡವರಲ್ಲಿ ಹೆಸರೇ ಇರಲಿಲ್ಲ.

ಹಳೆಯ ಕಂದು ಮಾಲ್ಟು ತಯಾರಾಗುತ್ತಿದ್ದುದು ಮುಖ್ಯವಾಗಿ ಲಂಡನ್ನಿನ ಉತ್ತರಕ್ಕಿರುವ ಹಾರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ. ಅಲ್ಲಿನ ವೇರ್ ಎಂಬ ಊರು ಇದಕ್ಕೆ ಹೆಸರಾಗಿತ್ತು. ಮಾಲ್ಟು ದೋಣಿಗಳಲ್ಲಿ ಲೀ ನದಿಯನ್ನಿಳಿದು ಲಂಡನ್ನಿಗೆ ಬರುತ್ತಿತ್ತು. ಮೊಳೆತ ಜವೆಯನ್ನು ಗೂಡಿನ ಮೇಲೆ ತೆಳ್ಳಗೆ ಹರಡಿ, ಕೆಳಗೆ ಹಾರ್ನ್‌ಬೀಮ್, ಓಕ್, ಬೀಚ್ ಮೊದಲಾದ ಮರಗಳ ಸೌದೆಯಿಂದ ಬೆಂಕಿಮಾಡುತ್ತಿದ್ದರು. ಮೊದಲು ಮೆಲ್ಲಗೆ ಒಣಗಿಸಿ, ಕೊನೆಯಲ್ಲಿ ಬೆಂಕಿಯನ್ನು ಹಠಾತ್ತಾಗಿ ಹೆಚ್ಚಿಸುತ್ತಿದ್ದರು. ಆ ಕಾವಿಗೆ ಕಾಳು ನಮ್ಮ ಭತ್ತದ ಅರಳಿನಂತೆ ಸಿಡಿದು ಉಬ್ಬುತ್ತಿತ್ತು. ಆದುದರಿಂದ ಇದಕ್ಕೆ ‘ಉಬ್ಬಿದ ಮಾಲ್ಟು’ ಎಂಬ ಅರ್ಥದ ಹೆಸರೂ ಉಂಟು. ಕೆಲಸ ಬಹಳ ಅಪಾಯದ್ದು. ಒಂದು ಗಳಿಗೆ ಅಜಾಗರೂಕತೆಯಾದರೆ ಗೂಡೂ ಮನೆಯೂ ಸುಟ್ಟುಹೋಗಬಹುದಾಗಿತ್ತು.

ಇಷ್ಟು ಉಗ್ರವಾದ ಬೆಂಕಿಯನ್ನು ದಾಟಿದ ಕಾಳಿನಲ್ಲಿ ಡಯಾಸ್ಟೇಸ್ ಹೇಗೆ ಉಳಿದಿತ್ತೆಂದು ಸಂದೇಹಬರುವುದು ಸಹಜ. ಉಳಿದಿತ್ತೆಂಬುದಕ್ಕೆ ಪ್ರಬಲವಾದ ಪ್ರಮಾಣವು ಪೋರ್ಟರೇ. ಬೇರೆ ಮಾಲ್ಟನ್ನು ಕೂಡಿಸದೆ ಕಂದು ಮಾಲ್ಟೊಂದರಿಂದಲೇ ಅವರು ಪೋರ್ಟರನ್ನು ತಯಾರಿಸುತ್ತಿದ್ದರು, ಅದು ಹುದುಗೇಳುತ್ತಿತ್ತು, ಕುಡಿದವರಿಗೆ ಅಮಲೂ ಏರುತ್ತಿತ್ತು. ಶಕ್ತಿ ಉಳಿದಿರದಿದ್ದರೆ ಇದು ಆಗುವಂತಿರಲಿಲ್ಲ. ಕಾರಣವನ್ನೂ ಊಹಿಸಬಹುದು. ಒದ್ದೆಕಾಳಿಗೆ ತಗುಲಿದ ಕಾವು ಡಯಾಸ್ಟೇಸನ್ನು ಬೇಗ ಕೊಲ್ಲುತ್ತದೆ. ಚೆನ್ನಾಗಿ ಒಣಗಿದ ಕಾಳು ಹೆಚ್ಚು ಕಾವನ್ನು ತಡೆದುಕೊಳ್ಳುತ್ತದೆ. ಕೊನೆಯ ಉಗ್ರತಾಪವು ಸ್ವಲ್ಪ ಹೊತ್ತಿನದು. ಸೌದೆಯ ಬೆಂಕಿಯಾದುದರಿಂದ ಎಲ್ಲ ಕಾಳಿಗೂ ಸಮನಾಗಿ ತಗುಲುತ್ತಲೂ ಇರಲಿಲ್ಲ. ಸಿಡಿದ ಕಾಳಿನ ಪಕ್ಕದಲ್ಲಿ ಸಿಡಿಯದ ಕಾಳು ಇದ್ದೇ ಇರುತ್ತಿತ್ತು. ಇಂದಿನ ಕಾರ್ಖಾನೆಯ ಮಾಲ್ಟಿನಲ್ಲಿ ದೋಷವೆಂದು ಎಣಿಸುವ ಈ ಅಸಮತೆಯೇ ಅಂದಿನ ಮಾಲ್ಟಿನ ಪ್ರಾಣವಾಗಿತ್ತೆಂದು ನಮಗೆ ತೋರುತ್ತದೆ.

ಪೋರ್ಟರಿನ ಉತ್ಪತ್ತಿಯ ವಿಷಯದಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ಮೂರು ಪೀಪಾಯಿಗಳ ಬಿಯರನ್ನು ಬೆರಸಿ ಕೊಡುವ ಶ್ರಮವನ್ನು ತಪ್ಪಿಸುವುದಕ್ಕಾಗಿ ೧೭೨೨ರಲ್ಲಿ ಷೋರ್ಡಿಚ್‌ನ ಹಾರ್ವುಡ್ ಎಂಬವನು ಒಂದೇ ಪೀಪಾಯಿಯ ಪೋರ್ಟರನ್ನು ಕಂಡುಹಿಡಿದನೆಂದು ಅದರ ಸಾರಾಂಶ. ಮೂರು ಪೀಪಾಯಿಯ ಈ ವೃತ್ತಾಂತ ವಿಸ್ತಾರವಾಗಿ ಕಾಣಿಸಿಕೊಳ್ಳುವುದು ೧೮೦೨ರಲ್ಲಿ, ಫೆಲ್ಥಮನು ಬರೆದ ಲಂಡನ್ ವರ್ಣನೆಯಲ್ಲಿ. ಎಂದರೆ ಎಂಬತ್ತು ವರ್ಷಗಳ ಅನಂತರ. ೧೭೬೦ರಲ್ಲಿ ‘ಒಬಡಯಾ ಪೌಂಡೇಜ್’ ಎಂಬ ಕಲ್ಪಿತನಾಮದಿಂದ ಹಳೆಯ ನೌಕರನೊಬ್ಬನು ಪತ್ರಿಕೆಗೆ ಬರೆದ ಕಾಗದದಲ್ಲಿ ೧೭೨೨ರ ಸುಮಾರಿನ ಮಾರ್ಪಾಡಿನ ಪ್ರಸ್ತಾಪವಿದೆ, ಹಾರ್ವುಡನ ಹೆಸರಿಲ್ಲ. ಇತ್ತೀಚಿನ ಇತಿಹಾಸಕಾರರು ಕಥೆಯನ್ನು ಕೈಬಿಟ್ಟಿದ್ದಾರೆ, ನಾವೂ ಬಿಡೋಣ. ಮೂಟೆ ಹೊರುವ ಕೂಲಿಗಳಿಂದ, ಎಂದರೆ ಪೋರ್ಟರುಗಳಿಂದ, ಹೆಸರು ಪಡೆದ ಈ ಪಾನವು ಐವತ್ತು ವರ್ಷಗಳಲ್ಲಿ ಲಂಡನ್ನಿನ ಅತಿ ದೊಡ್ಡ ಉದ್ಯಮಗಳಲ್ಲಿ ಒಂದಾಯಿತೆಂಬುದಷ್ಟೇ ಇಲ್ಲಿ ಬೇಕಾದುದು. ಎಷ್ಟು ದೊಡ್ಡದೆಂದರೆ, ೧೮೧೪ರ ಅಕ್ಟೋಬರಿನಲ್ಲಿ ಒಂದು ಕಾರ್ಖಾನೆಯ ಪೋರ್ಟರ್ ತೊಟ್ಟಿ ಒಡೆದು ಪ್ರವಾಹವು ಬೀದಿಗೆ ನುಗ್ಗಿದಾಗ ಎಂಟು ಮಂದಿ ಸತ್ತರು.

ಈ ಉದ್ಯಮದ ಬುಡವನ್ನು ಅಲುಗಿಸಿದ್ದು ಒಂದು ಗೇಣುದ್ದದ ಉಪಕರಣ. ದ್ರವದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆಯನ್ನು ಅಳೆಯುವ ದ್ರವಮಾಪಕವನ್ನು ಜೇಮ್ಸ್ ಬ್ಯಾವರ್‌ಸ್ಟಾಕ್ ಎಂಬ ಯುವಕನು ಆಲ್ಟನ್ ಊರಿನ ತಮ್ಮ ಮನೆತನದ ಕಾರ್ಖಾನೆಯಲ್ಲಿ ತಂದೆಗೆ ತಿಳಿಯದಂತೆ ಪ್ರಯೋಗಿಸಿ ನೋಡಿದನು. ತಂದೆಗೆ ಇಂತಹ ಹೊಸ ವಿದ್ಯೆಗಳು ಹಿಡಿಸುತ್ತಿರಲಿಲ್ಲ. ಅವನು ಅದನ್ನು ಲಂಡನ್ನಿನ ದೊಡ್ಡ ವರ್ತಕ ಸಾಮ್ಯುಯೆಲ್ ವಿಟ್‌ಬ್ರೆಡ್ಡನಿಗೆ ತೋರಿಸಿದಾಗ, ಇಂತಹ ಭ್ರಮೆಗಳನ್ನು ಬಿಟ್ಟು ಊರಿಗೆ ಹೋಗಿ ಕೆಲಸ ನೋಡಿಕೋ ಎಂಬಂತಹ ಉತ್ತರ ದೊರೆಯಿತೆಂದು ಪ್ರತೀತಿ. ಹಲ್ ನಗರದ ಜಾನ್ ರಿಚರ್ಡ್‌ಸನ್ನನು ಇದೇ ಉಪಕರಣವನ್ನು ‘ಶರ್ಕರಾಮಾಪಕ’ವಾಗಿ ತಿದ್ದಿ, ಅದರಿಂದ ಪಡೆದ ಅಂಕಗಳನ್ನು ೧೭೮೪ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅಲ್ಲಿಯವರೆಗೆ ಮಾಲ್ಟಿನ ಬೆಲೆಯನ್ನು ಅಳತೆಯಿಂದ ಎಣಿಸುತ್ತಿದ್ದರು. ಕಂದು ಮಾಲ್ಟು ಅಗ್ಗವೆಂದು ಎಲ್ಲರೂ ನಂಬಿದ್ದರು. ಒಂದು ಕೊಳಗ ಮಾಲ್ಟಿನಿಂದ ಎಷ್ಟು ಸಾರ ಇಳಿಯುತ್ತದೆಂದು ಅಳೆದು ನೋಡಿದಾಗ, ಮಂದವಾದ ಕಾವಿನಲ್ಲಿ ಒಣಗಿಸಿದ ತಿಳಿಬಣ್ಣದ ಮಾಲ್ಟಿಗಿಂತ ಕಂದು ಮಾಲ್ಟು ಸುಮಾರು ಮೂರರಲ್ಲೊಂದು ಪಾಲು ಕಡಮೆ ಕೊಡುತ್ತದೆಂದು ತಿಳಿದುಬಂತು. ಅಗ್ಗವೆಂದು ಕೊಳ್ಳುತ್ತಿದ್ದುದು ನಿಜವಾಗಿ ದುಬಾರಿ. ಸರಕಾರದ ಮಾಲ್ಟುತೆರಿಗೆಯೂ ತೂಕದ ಮೇಲಾಗಲಿ ಸಾರದ ಮೇಲಾಗಲಿ ಇರದೆ ಅಳತೆಯ ಮೇಲೆಯೇ ಇತ್ತು; ನೆಪೋಲಿಯನ್ನನೊಡನೆ ನಡೆದ ಯುದ್ಧದ ವೆಚ್ಚಕ್ಕಾಗಿ ಅದನ್ನು ಬಹಳವಾಗಿ ಏರಿಸಿದರು. ಉಬ್ಬಿ ಹಗುರಾದ ಕಾಳಿಗೆ ಅಳತೆಯ ತೆರಿಗೆ ಕೊಡುವುದೆಂದರೆ ಗಾಳಿಗೆ ತೆರಿಗೆ ಕೊಟ್ಟಂತೆ. ಕಂದು ಮಾಲ್ಟು ಮೂಲಧಾನ್ಯವಾಗಿ ಉಳಿಯುವುದು ಅಸಾಧ್ಯವಾಯಿತು.

ಆದರೆ ತಿಳಿ ಮಾಲ್ಟಿನಿಂದ ಇಳಿಸಿದ ಪೋರ್ಟರು ಕಪ್ಪಾಗಿರಲಿಲ್ಲ. ಗಿರಾಕಿಯು ಶರ್ಕರಾಮಾಪಕವನ್ನು ಹಿಡಿದು ಹೆಂಡದಂಗಡಿಗೆ ಬರುವುದಿಲ್ಲ. ಅವನು ನೋಡುವುದು ಬಣ್ಣವನ್ನು, ಅಮಲನ್ನು, ನೊರೆಯನ್ನು. ಇಲ್ಲಿಂದ ಪ್ರತಿನಿಧಿಗಳ ಮೊದಲ ಪರಂಪರೆ ಆರಂಭವಾಗುತ್ತದೆ. ಬಣ್ಣಕ್ಕೆ ಸುಟ್ಟ ಸಕ್ಕರೆ ಬಂತು. ೧೮೧೧ರಲ್ಲಿ ಕಾನೂನೇ ಅದಕ್ಕೆ ಅನುಮತಿಕೊಟ್ಟಿತು. ಕಹಿಗೆ ಕ್ವಾಸಿಯಾ ಚಕ್ಕೆ, ಖಾರಕ್ಕೆ ಮೆಣಸಿನ ಜಾತಿಯ ಬೀಜಗಳು, ಮೈಗೆ ಕಾಕಂಬಿಯೂ ಅತಿಮಧುರವೂ ಬಂದವು. ಅಮಲಿಗೆ ಬಂದ ಪದಾರ್ಥವು ನಮ್ಮ ಕಡೆಯದು. ಇಂಗ್ಲಿಷಿನಲ್ಲಿ ‘ಕಾಕ್ಯುಲಸ್ ಇಂಡಿಕಸ್’ ಎಂದು ಕರೆಯುವ ಕಾಯಿ ಪಶ್ಚಿಮಘಟ್ಟಗಳಲ್ಲಿಯೂ ಮಲೆಯಾಳದ ತೀರದಲ್ಲಿಯೂ ಬೆಳೆಯುವ ಬಳ್ಳಿಯದು. ಕನ್ನಡದಲ್ಲಿ ಅದಕ್ಕೆ ಕಾಕಮಾರಿ ಎಂದು ಹೆಸರು. ಅದನ್ನು ಅರೆದು ಮಡುವಿಗೆ ಹಾಕಿದರೆ ಮೀನುಗಳು ಮತ್ತೇರಿ ತೇಲುತ್ತವೆ. ಮಾಲ್ಟಿನಲ್ಲಿ ಉಳಿಸಿಕೊಂಡ ಹಣಕ್ಕೆ ಪ್ರತಿಯಾಗಿ ಲಂಡನ್ನಿನ ಕೂಲಿಕಾರರು ಕುಡಿದದ್ದು ಮಲೆನಾಡಿನ ಮೀನುಗಳಿಗೆ ಹಾಕುವ ವಿಷವನ್ನು. ಫ್ರೆಡರಿಕ್ ಆಕ್ಯುಮ್ ಎಂಬ ರಸಾಯನಜ್ಞನು ಆಹಾರದ ಕಲಬೆರಕೆಯನ್ನು ಕುರಿತ ತನ್ನ ೧೮೨೦ರ ಗ್ರಂಥದಲ್ಲಿ ಈ ಕಾಯಿಯನ್ನು ಕಟುವಾಗಿ ಖಂಡಿಸಿ, ಇಂತಹ ಅಪರಾಧಗಳಿಗಾಗಿ ದಂಡಿತರಾದವರ ಪಟ್ಟಿಗಳನ್ನೂ ಅಚ್ಚುಹಾಕಿಸಿದನು.

ಇಷ್ಟರೊಳಗೆ ೧೮೧೬ರಲ್ಲಿ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ ಈ ಎಲ್ಲ ಪದಾರ್ಥಗಳನ್ನೂ, ಅವುಗಳೊಡನೆ ತಾನೇ ಹಿಂದೆ ಒಪ್ಪಿದ್ದ ಸುಟ್ಟ ಸಕ್ಕರೆಯನ್ನೂ, ನಿಷೇಧಿಸಿತ್ತು. ಬಿಯರಿಗೆ ಮಾಲ್ಟು ಮತ್ತು ಹಾಪ್ಸ್ ಹೂ ಹೊರತು ಬೇರೇನೂ ಕೂಡದು. ಶಾಸನದ ಉದ್ದೇಶ ಜನರ ಆರೋಗ್ಯರಕ್ಷಣೆಯೆಂದು ಹೇಳುವುದುಂಟು. ಮಾಲ್ಟಿಗೆ ತೆರಿಗೆಯಿದ್ದು ಕಾಕಂಬಿಗೆ ಆ ತೆರಿಗೆ ಇರಲಿಲ್ಲವೆಂಬುದನ್ನು ನೋಡಿದರೆ ಬೊಕ್ಕಸದ ಆರೋಗ್ಯವೂ ಅವರ ಮನಸ್ಸಿನಲ್ಲಿದ್ದಿರಬೇಕು. ಏನೇ ಆಗಲಿ, ವರ್ತಕನು ಇಕ್ಕಟ್ಟಿಗೆ ಸಿಕ್ಕಿಕೊಂಡನು. ಕಂದು ಮಾಲ್ಟಿಗೆ ಹಿಂದಿರುಗಿದರೆ ನಷ್ಟ. ತಿಳಿ ಮಾಲ್ಟಿನಲ್ಲಿ ಬಣ್ಣವಿಲ್ಲ. ಬಣ್ಣ ಹಾಕಿದರೆ ದಂಡ.

ಈ ಇಕ್ಕಟ್ಟಿಗೆ ಪರಿಹಾರವನ್ನು ಕಂಡವನು ಡೇನಿಯಲ್ ವೀಲರ್. ಕಾಫಿಬೀಜವನ್ನು ಹುರಿಯುವಂತೆ, ಸಿದ್ಧವಾದ ಮಾಲ್ಟನ್ನು ತಿರುಗುವ ಕಬ್ಬಿಣದ ಉರುಳೆಯಲ್ಲಿಟ್ಟು ಫ್ಯಾರನ್‌ಹೀಟಿನ ೪೦೦ ಡಿಗ್ರಿಗಳ ಸಮೀಪದವರೆಗೆ ಕಾಯಿಸಿ ಕಪ್ಪುಮಾಡುವುದು ಅವನ ಉಪಾಯ. ಇದರಲ್ಲಿ ನೂರಕ್ಕೆ ಐದರಷ್ಟನ್ನು ತಿಳಿ ಮಾಲ್ಟಿಗೆ ಕೂಡಿಸಿದರೆ ಸಾಕು, ಪೋರ್ಟರು ಕಪ್ಪಾಗುತ್ತದೆ. ಇದೂ ಮಾಲ್ಟೇ ಆದುದರಿಂದ, ತೆರಿಗೆಯನ್ನೂ ಕೊಟ್ಟಿರುವುದರಿಂದ, ೧೮೧೬ರ ಶಾಸನಕ್ಕೆ ಭಂಗವಿಲ್ಲ. ೧೮೧೭ರ ಮಾರ್ಚಿಯಲ್ಲಿ ಅವನಿಗೆ ‘ಮಾಲ್ಟನ್ನು ಒಣಗಿಸುವ ಮತ್ತು ಸಿದ್ಧಪಡಿಸುವ’ ಹೊಸ ವಿಧಾನವೆಂಬ ಶೀರ್ಷಿಕೆಯ ಮೇಲೆ ಪೇಟೆಂಟು ದೊರೆಯಿತು.

ಎರಡು ವರ್ಷಗಳ ಅನಂತರ ಆ ಪೇಟೆಂಟನ್ನು ರದ್ದುಮಾಡಬೇಕೆಂಬ ವ್ಯಾಜ್ಯವು ಕಿಂಗ್ಸ್ ಬೆಂಚ್ ನ್ಯಾಯಾಲಯಕ್ಕೆ ಬಂತು. ಮುಖ್ಯ ನ್ಯಾಯಾಧೀಶನಾದ ಆಬಟ್ಟನ ಮುಂದಿದ್ದ ಪ್ರಶ್ನೆಯನ್ನು ನೋಡಿದರೆ ಯಾವ ಶಬ್ದಾರ್ಥವಿಚಾರಕನಿಗೂ ಕುತೂಹಲ ಹುಟ್ಟದಿರದು. ಶೀರ್ಷಿಕೆಯಲ್ಲಿ ಹೇಳಿರುವುದು ಮಾಲ್ಟನ್ನು ಒಣಗಿಸಿ ಸಿದ್ಧಪಡಿಸುವ ಮಾತನ್ನು. ಮಾಲ್ಟೆಂದರೆ ಲೋಕರೂಢಿಯಲ್ಲಿ ಬಿಯರನ್ನು ಇಳಿಸತಕ್ಕ ಧಾನ್ಯ. ವಿವರಣಪತ್ರದಲ್ಲಿ ಬರೆದಿರುವುದಾದರೋ ಆಗಲೇ ಮಾಲ್ಟಾಗಿರುವುದನ್ನು ಪುನಃ ಹುರಿದು ನೀರಿಗೆ ಬಣ್ಣಕೊಡುವ ವಸ್ತುವನ್ನಾಗಿ ಮಾಡುವ ಬಗೆ. ಶೀರ್ಷಿಕೆಯ ಮಾತಿಗೂ ಒಳಗಿನ ವಸ್ತುವಿಗೂ ಹೊಂದಿಕೆಯಿಲ್ಲವೆಂಬ ಕಾರಣದಿಂದ ೧೮೧೯ರಲ್ಲಿ ಪೇಟೆಂಟು ಅಸಿಂಧುವಾಯಿತು. ವೀಲರನ ಕಾಳು ಮಾಲ್ಟಿನಿಂದ ಮಾಡಿದ ಬಣ್ಣವೇ ಹೊರತು ಬಿಯರನ್ನು ಇಳಿಸತಕ್ಕ ಮಾಲ್ಟಲ್ಲವೆಂಬುದು ಇದರ ಫಲಿತಾರ್ಥ. ಕಾನೂನಿನ ಮಾತು ಹಾಗಿರಲಿ, ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಇದು ಸರಿಯೇ: ಆ ಕಾಳಿನಲ್ಲಿ ಡಯಾಸ್ಟೇಸಿನ ಲೇಶವೂ ಉಳಿದಿರುವುದಿಲ್ಲ. ಡಯಾಸ್ಟೇಸಿಗೆ ಹೆಸರು ಬರುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ನ್ಯಾಯಾಲಯವೊಂದು, ಶೀರ್ಷಿಕೆಯ ಅರ್ಥವನ್ನಷ್ಟೇ ವಿಚಾರಿಸುತ್ತ, ಮೂಲಧಾನ್ಯಕ್ಕೂ ಬಣ್ಣದ ಧಾನ್ಯಕ್ಕೂ ನಡುವೆ ಗೆರೆಯೆಳೆದುದು ನಮಗೆ ಆಶ್ಚರ್ಯಕರವಾಗಿ ಕಾಣುತ್ತದೆ. ಪೇಟೆಂಟು ಸತ್ತರೂ ಪೇಟೆಯಲ್ಲಿ ಆ ಕಾಳಿನ ಹೆಸರು ‘ಪೇಟೆಂಟ್ ಮಾಲ್ಟ್’ ಎಂದೇ ಉಳಿಯಿತು; ಎರಡು ಶತಮಾನಗಳು ಕಳೆದ ಮೇಲೂ ಅಂಗಡಿಗಳ ಪಟ್ಟಿಯಲ್ಲಿ ಅದೇ ಹೆಸರಿದೆ.

ಇದಾದ ಬಳಿಕ ಡಬ್ಲಿನ್ನಿನವರು ತಿಳಿ ಮಾಲ್ಟು ಮತ್ತು ಪೇಟೆಂಟ್ ಮಾಲ್ಟು ಇವೆರಡರಿಂದಲೇ ತಮ್ಮ ಪೋರ್ಟರನ್ನು ಇಳಿಸುತ್ತ ಕಂದು ಮಾಲ್ಟನ್ನು ಪೂರ್ತಿಯಾಗಿ ಬಿಟ್ಟರು. ಲಂಡನ್ನಿನವರು ಹಳೆಯ ರುಚಿಯ ಮೇಲಣ ಅಭಿಮಾನದಿಂದ ಅದನ್ನು ಸ್ವಲ್ಪ ಭಾಗವಾಗಿ ಉಳಿಸಿಕೊಂಡರು. ಆದರೆ ಅಡಿಗೆಯಲ್ಲಿ ಅನ್ನವಾಗಿದ್ದುದು ಒಗ್ಗರಣೆಯಾಯಿತು. ಪಿಷ್ಟವನ್ನು ಕರಗಿಸುವ ಭಾರವನ್ನು ತಿಳಿ ಮಾಲ್ಟೇ ಹೊತ್ತುದರಿಂದ ಕಂದು ಮಾಲ್ಟಿನಲ್ಲಿ ಆ ಶಕ್ತಿಯಿದೆಯೇ ಇಲ್ಲವೇ ಎಂದು ಕೇಳುವವರಿಲ್ಲದೆ ಹೋದರು. ಮಾಡುವವರೂ ಅದನ್ನು ಕಾಪಾಡುವ ಪ್ರಯಾಸಪಡಲಿಲ್ಲ. ಕ್ರಮೇಣ ಸೌದೆಯ ಗೂಡು ಹೋಗಿ ಉರುಳೆ ಬಂತು. ಸಮನಾಗಿ ಹುರಿದ, ಡಯಾಸ್ಟೇಸಿಲ್ಲದ ಇಂದಿನ ಕಂದು ಮಾಲ್ಟು ಸಿದ್ಧವಾಯಿತು. ಇದು ಯಾವ ವರ್ಷದಲ್ಲಿ ಆಯಿತೆಂದು ಗೆರೆಯೆಳೆದು ತೋರಿಸುವಂತಿಲ್ಲ. ಲಿಪಿಕಾರನು ಪ್ರತಿಮಾಡುವಾಗ ಅಕ್ಷರವನ್ನು ಬದಲಾಯಿಸಿದರೆ ಪಾಠಾಂತರವು ಕಣ್ಣಿಗೆ ಬೀಳುತ್ತದೆ. ಅಕ್ಷರ ಹಾಗೆಯೇ ಇದ್ದು ಅರ್ಥ ಮಾತ್ರ ಬದಲಾದರೆ ಯಾವ ಪ್ರತಿಯನ್ನು ಯಾವುದರೊಡನೆ ಹೋಲಿಸುವುದು? ಇಲ್ಲಿ ನೆರವಾಗುವುದು ಪ್ರಮಾಣವೊಂದೇ. ಧಾನ್ಯವೆಲ್ಲ ಅಥವಾ ಅದರ ಹೆಚ್ಚಿನ ಭಾಗ ಕಂದು ಮಾಲ್ಟೆಂದು ಬರೆದಿರುವ ಲೆಕ್ಕದಲ್ಲಿ ಆ ಮಾತಿಗೆ ಹಳೆಯ ಅರ್ಥವನ್ನು ಹೇಳಲೇಬೇಕು. ನಾಲ್ಕರಲ್ಲೊಂದು ಪಾಲು ಅಥವಾ ಅದಕ್ಕೂ ಕಡಮೆಯೆಂದಿದ್ದರೆ ಎರಡು ಅರ್ಥವೂ ಸಾಧ್ಯ. ಅಲ್ಲಿ ಕಾಲವನ್ನೂ ಕಾರ್ಖಾನೆಯನ್ನೂ ನೋಡಿ ನಿರ್ಣಯಿಸಬೇಕು.

೧೮೮೦ರಲ್ಲಿ ಗ್ಲ್ಯಾಡ್‌ಸ್ಟನ್ನನು ಮಾಲ್ಟಿನ ಮೇಲಿದ್ದ ತೆರಿಗೆಯನ್ನು ಬಿಯರಿನ ಮೇಲಕ್ಕೆ ವರ್ಗಾಯಿಸಿದನು. ಮೊಳಕೆ ಬರಿಸದ ಧಾನ್ಯವನ್ನೂ ಸಕ್ಕರೆಯನ್ನೂ ಬಳಸುವುದು ಅಂದಿನಿಂದ ಸುಗಮವಾಯಿತು. ಅದೇ ಶಾಸನದಿಂದ ಮನೆಯಲ್ಲಿ ಬಿಯರು ಮಾಡಿಕೊಳ್ಳುವವರಿಗೆ ಪರವಾನಗಿಯೂ ಗಂಟುಬಿತ್ತು. ೧೯೬೩ರಲ್ಲಿ ಅರ್ಥಸಚಿವನಾಗಿದ್ದ ರೆಜಿನಾಲ್ಡ್ ಮಾಡ್ಲಿಂಗನು ಆ ಪರವಾನಗಿಯನ್ನು ತೆಗೆದುಹಾಕಿದನು. ಎರಡನೆಯ ಮಹಾಯುದ್ಧದ ಕಾಲಕ್ಕೆ ಲಂಡನ್ನಿನಲ್ಲಿ ನಾಮಾವಶೇಷವಾಗಿದ್ದ ಪೋರ್ಟರನ್ನು ಪುನಃ ವಿಚಾರಿಸಿದವರಲ್ಲಿ ಕಾರ್ಖಾನೆದಾರರಿಗಿಂತ ಮನೆಯಲ್ಲಿ ಹವ್ಯಾಸಕ್ಕಾಗಿ ಮಾಡುವವರೇ ಮುಂದಾಗಿದ್ದರು. ೧೯೭೧ರಲ್ಲಿ ಕೂಡಿದ ಡರ್ಡನ್ ಪಾರ್ಕ್ ಬಿಯರ್ ಸರ್ಕಲ್ ಎಂಬ ಮಂಡಲಿಯು ಹಳೆಯ ಕಾರ್ಖಾನೆಗಳ ಲೆಕ್ಕದ ಪುಸ್ತಕಗಳನ್ನು ಶೋಧಿಸಿತು; ಅದರ ಫಲವಾಗಿ ಜಾನ್ ಹ್ಯಾರಿಸನ್ನನು ಬ್ರಿಟನ್ನಿನ ಹಳೆಯ ಬಿಯರುಗಳನ್ನು ಮಾಡುವ ಕ್ರಮವನ್ನು ಕುರಿತು ೧೯೭೬ರಲ್ಲಿ ಒಂದು ಕಿರುಹೊತ್ತಗೆಯನ್ನು ಹೊರತಂದನು. ಈ ಶೋಧಕರನ್ನು ಹವ್ಯಾಸಿಗಳೆಂದು ಕಡೆಗಣಿಸಬಾರದು. ಹಳೆಯ ಪಾಠವನ್ನು ಓದಿ, ಅದರಂತೆ ಮಾಡಿ, ಆಗದಿದ್ದಾಗ ಪಾಠದ ಅರ್ಥವನ್ನು ಪುನಃ ವಿಚಾರಿಸುವ ಅವಕಾಶ ಇವರಿಗಿತ್ತು. ನಮ್ಮಂತಹ ಗ್ರಂಥಸಂಪಾದಕರಿಗೆ ಆ ಭಾಗ್ಯವಿಲ್ಲ. ನಮ್ಮ ತಪ್ಪುಪಾಠವು ಪಾತ್ರೆಯ ತಳದಲ್ಲಿ ಗಂಜಿಯಾಗಿ ಕುಳಿತು ನಮ್ಮನ್ನು ನಾಚಿಸುವುದಿಲ್ಲ.

ಅವರೂ ಅವರ ಅನಂತರದವರೂ ಕಂಡುಕೊಂಡ ಪ್ರತಿನಿಧಿಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದರಲ್ಲಿ ತಿಳಿ 	ಮಾಲ್ಟನ್ನು ಆಧಾರವಾಗಿಟ್ಟು ಇಂದಿನ ಕಂದು ಮಾಲ್ಟನ್ನು ರುಚಿಗಾಗಿ ಕೂಡಿಸುತ್ತಾರೆ. ಇದಕ್ಕೆ ಲೆಕ್ಕದ ಒಂದು ಮಿತಿಯಿದೆ. ಡಯಾಸ್ಟೇಸಿನ ಬಲವನ್ನು ಲಿಂಟ್ನರ್ ಎಂಬ ಜರ್ಮನ್ ವಿದ್ವಾಂಸನ ಹೆಸರಿನ ಮಾನದಿಂದ ಅಳೆಯುವುದು ರೂಢಿ. ಮಿಶ್ರಣದ ಒಟ್ಟು ಬಲವು ಮೂವತ್ತು ಮೂವತ್ತೈದಕ್ಕಿಂತ ಕಡಮೆಯಾದರೆ ಪಿಷ್ಟವೆಲ್ಲ ಕರಗುವುದು ಸಂದೇಹ. ತಿಳಿ ಮಾಲ್ಟಿನ ಬಲ ಐವತ್ತೆಂದೂ ಇಂದಿನ ಕಂದು ಮಾಲ್ಟಿನದು ಸೊನ್ನೆಯೆಂದೂ ಇಟ್ಟುಕೊಂಡರೆ, ಮೂರು ಪಾಲಿಗೆ ಒಂದು ಪಾಲು ಕೂಡಿಸಿದಾಗ ಮೂವತ್ತೇಳೂವರೆ ಆಗುತ್ತದೆ, ಕೆಲಸ ನಡೆಯುತ್ತದೆ. ಸಮಸಮ ಕೂಡಿಸಿದರೆ ಇಪ್ಪತ್ತೈದಕ್ಕೆ ಇಳಿಯುತ್ತದೆ, ನಡೆಯುವುದಿಲ್ಲ. ಆದುದರಿಂದ ಈ ದಾರಿಯಲ್ಲಿ ಹೋದವನು ೧೮೩೦ರ ಪೋರ್ಟರನ್ನು ಮುಟ್ಟಿಯಾನು, ೧೭೫೦ರದನ್ನು ಮುಟ್ಟಲಾರನು.

ಎರಡನೆಯದು ಹ್ಯಾರಿಸನ್ನನ ದಾರಿ. ತಿಳಿ ಮಾಲ್ಟನ್ನು ತಟ್ಟೆಯಲ್ಲಿ ಅರ್ಧ ಅಂಗುಲ ಮಾತ್ರ ದಪ್ಪಕ್ಕೆ ಹರಡಿ, ಮನೆಯ ಒಲೆಪೆಟ್ಟಿಗೆಯಲ್ಲಿ ಸುಮಾರು ೧೧೦ ಸೆಂಟಿಗ್ರೇಡಿನಲ್ಲಿ ಮುಕ್ಕಾಲು ಗಂಟೆ ಇಟ್ಟು ಚೆನ್ನಾಗಿ ಒಣಗಿಸಿ, ಬಳಿಕ ೧೫೦ಕ್ಕೆ ಏರಿಸುತ್ತಾರೆ. ಕಂದು ಮಾಲ್ಟು ಬೇಕಾದರೆ ೧೭೫ರವರೆಗೂ ಹೋಗುತ್ತಾರೆ. ನಡುನಡುವೆ ಒಂದು ಕಾಳನ್ನು ಅಡ್ಡಲಾಗಿ ಕತ್ತರಿಸಿ ಒಳಗಿನ ಬಣ್ಣವನ್ನು ನೋಡಬೇಕು. ಹೊಟ್ಟಿನ ಬಣ್ಣವನ್ನು ನಂಬಿದವನು ಕೆಟ್ಟನು. ಮೊದಲು ಒಣಗಿಸಿ ಆಮೇಲೆ ಕಾಯಿಸುವ ಈ ಕ್ರಮವು ಹಾರ್ಟ್‌ಫರ್ಡ್‌ಷೈರಿನ ಗೂಡಿನ ಕ್ರಮವನ್ನು ಹೋಲುತ್ತದೆ; ಸಾಧನ ಬೇರೆಯಾದರೂ ಸಂಸ್ಕಾರ ಸದೃಶ. ಮೂರನೆಯದು ಜರ್ಮನಿಯ ಮ್ಯೂನಿಕ್ ಮಾಲ್ಟನ್ನೇ ಆಧಾರವಾಗಿ ತೆಗೆದುಕೊಳ್ಳುವುದು. ಇದರ ಬಣ್ಣ ಗಾಢ, ರುಚಿ ಹುರಿಗಂಪಿನದು. ಬಲವು ತಿಳಿ ಮಾಲ್ಟಿಗಿಂತ ಕಡಮೆಯಾದರೂ ತನ್ನ ಪಿಷ್ಟವನ್ನು ತಾನೇ ಕರಗಿಸಿಕೊಳ್ಳುವಷ್ಟಿರುತ್ತದೆ. ಇದಕ್ಕೊಂದು ಚಾರಿತ್ರಿಕ ಸಂಬಂಧವೂ ಇಲ್ಲದಿಲ್ಲ. ಮ್ಯೂನಿಕ್ಕಿನ ಗೇಬ್ರಿಯಲ್ ಸೆಡ್ಲ್‌ಮೈಯರನೂ ವಿಯೆನ್ನದ ಆಂಟನ್ ಡ್ರೆಹರನೂ ಅದೇ ೧೮೩೩ರಲ್ಲಿ ಬ್ರಿಟನ್ನಿನ ಕಾರ್ಖಾನೆಗಳನ್ನು ಸುತ್ತಿ, ಟೊಳ್ಳಾದ ಕೈಕೋಲಿನಲ್ಲಿ ಕಳ್ಳತನದಿಂದ ರಸವನ್ನು ತುಂಬಿಕೊಂಡು ಹೋಗಿ ಅಳೆದವರು. ಗೂಡಿನ ವಿದ್ಯೆಯನ್ನೂ ಇಲ್ಲಿಂದಲೇ ಕಲಿತುಕೊಂಡು ಹೋದರು.

ಇವುಗಳಲ್ಲಿ ಯಾವುದು ಸರಿಯಾದ ಪ್ರತಿನಿಧಿ? ವೀಲರನು ಬಣ್ಣವನ್ನು ಸಾದೃಶ್ಯವೆಂದನು. ಕಾಕಮಾರಿ ಹಾಕಿದವನು ಅಮಲನ್ನು. ಮೊದಲ ದಾರಿಯವರು ರುಚಿಯನ್ನು. ಹಳೆಯ ಕಂದು ಮಾಲ್ಟಿನ ವಿಶೇಷವು ಬಣ್ಣ, ರುಚಿ, ಶಕ್ತಿ ಮೂರೂ ಒಂದೇ ಕಾಳಿನಲ್ಲಿದ್ದುದು ಎಂಬುದನ್ನು ಒಪ್ಪುವುದಾದರೆ, ಅಂಗಡಿಯ ಕಂದು ಮಾಲ್ಟಿಗಿಂತ ಬೇರೆ ಹೆಸರಿನ, ಬೇರೆ ದೇಶದ ಮ್ಯೂನಿಕ್ ಮಾಲ್ಟೇ ಅದಕ್ಕೆ ಸಮೀಪವೆಂದು ಹೇಳಬೇಕಾಗುತ್ತದೆ. ಅದಕ್ಕೆ ಒಲೆಯಲ್ಲಿ ಹುರಿದ ಒಂದಿಷ್ಟನ್ನು ಕೂಡಿಸಿದರೆ ಇನ್ನೂ ಸಮೀಪ. ಹೆಸರಿನ ಸಾಮ್ಯವನ್ನು ನಂಬಿದವನು ಎಲ್ಲರಿಗಿಂತ ದೂರ ಹೋಗುತ್ತಾನೆ.

ಉಳಿಯುವುದು ಹೊಗೆಯ ಪ್ರಶ್ನೆ. ಸೌದೆಯ ಮೇಲೆ ಒಣಗಿದ ಮಾಲ್ಟಿನಲ್ಲಿ ಹೊಗೆಯ ವಾಸನೆ ಇದ್ದಿರಬೇಕೆಂದು, ಬೀಚ್ ಸೌದೆಯ ಹೊಗೆಯಲ್ಲಿ ಬೇಕೆಂದೇ ಒಣಗಿಸುವ ಬಾಂಬೆರ್ಗಿನ ಮಾಲ್ಟನ್ನು ಸ್ವಲ್ಪ ಬೆರಸುವವರು ಈಗ ಕೆಲವರಿದ್ದಾರೆ. ಯುಕ್ತಿಯೇನೋ ಚೆನ್ನಾಗಿದೆ. ಆದರೆ ೧೭೩೦ರ ದಶಕದಲ್ಲಿ ಅನಾಮಧೇಯವಾಗಿ ಪ್ರಕಟವಾದ ‘ಲಂಡನ್ ಅಂಡ್ ಕಂಟ್ರಿ ಬ್ರೂಯರ್’ ಎಂಬ ಗ್ರಂಥದ ಕರ್ತೃವು ಇಂಗ್ಲೆಂಡಿನ ಪಶ್ಚಿಮಪ್ರಾಂತದ ಸೌದೆಯ ಮಾಲ್ಟಿನ ಹೊಗೆರುಚಿಯನ್ನು ಬಡವರೂ ಅಭ್ಯಾಸವಾದವರೂ ಹೊರತು ಬೇರೆಯವರು ಸಹಿಸಲಾರರೆಂದು ಬರೆದಿದ್ದಾನೆ. ಪೋರ್ಟರನ್ನು ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಿದ್ದುದಕ್ಕೆ ಆ ವಾಸನೆಯು ಅಡಗಲಿ ಎಂಬುದೂ ಒಂದು ಕಾರಣವಾಗಿದ್ದಿರಬಹುದು. ಹಾಗಿದ್ದ ಪಕ್ಷದಲ್ಲಿ, ಹಳೆಯವರು ಕಾದು ಕುಳಿತು ಕಳೆದುಕೊಳ್ಳುತ್ತಿದ್ದುದನ್ನು ಇವರು ಹಣಕೊಟ್ಟು ತಂದು ಹಾಕುತ್ತಿದ್ದಾರೆ.